ಡಿಕಂಪೆನ್ಸೇಟೆಡ್ ಆಪ್-ಆಂಪ್: ಕಡಿಮೆ ಗೇನ್‌ನಲ್ಲಿ ಸ್ಥಿರತೆ

ಆಂದೋಲನ ತಡೆಯುವ ಒಳಗಿನ ಕಾಂಪೆನ್ಸೇಷನ್ ಕೆಪಾಸಿಟರನ್ನು ಬೇಕೆಂದೇ ಚಿಕ್ಕದಾಗಿಸಿ ವೇಗ ಗಳಿಸಿಕೊಂಡ ಆಪರೇಷನಲ್ ಆಂಪ್ಲಿಫೈಯರೇ ಡಿಕಂಪೆನ್ಸೇಟೆಡ್ ಆಪ್-ಆಂಪ್. ತಯಾರಕರು ನಮೂದಿಸಿದ ಕನಿಷ್ಠ ಗೇನ್‌ಗಿಂತ ಕೆಳಗೆ ಬಳಸಿದರೆ ಇದು ತಾನಾಗಿ ಆಂದೋಲಿಸತೊಡಗುತ್ತದೆ. ಹೊರಗಿನಿಂದ ಒಂದೆರಡು ಬಿಡಿಭಾಗ ಸೇರಿಸಿ ಅದನ್ನು ತಡೆಯಬಹುದು.

ಬಾಬ್ ವಿಡ್ಲರ್ 1965ರಲ್ಲಿ ಫೇರ್‌ಚೈಲ್ಡ್ ಕಂಪನಿಗೆ ರೂಪಿಸಿದ 709 ಚಿಪ್‌ಗೆ ಕಾಂಪೆನ್ಸೇಷನ್ ಎಲ್ಲವೂ ಹೊರಗಿನದು. 1967ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್‌ಗೆ ಅವರೇ ಮಾಡಿದ ಎಲ್‌ಎಂ101ಕ್ಕೆ 30 ಪಿಕೋಫ್ಯಾರಡ್‌ನ ಒಂದೇ ಕೆಪಾಸಿಟರ್ ಸಾಕಾಯಿತು. ಮರುವರ್ಷ ಫೇರ್‌ಚೈಲ್ಡ್‌ನ ಡೇವ್ ಫುಲ್ಲಗರ್ ಅಷ್ಟೇ ಕೆಪಾಸಿಟರನ್ನು ಸಿಲಿಕಾನಿನೊಳಗೆ ಕೂರಿಸಿ 741 ತಂದರು. ಅದರ ಜನಪ್ರಿಯತೆಗೆ ಇದೇ ಮುಖ್ಯ ಕಾರಣವೆನ್ನಬಹುದು. ಆದರೆ 100 ಪಟ್ಟು ಗೇನ್ ಬೇಕಿದ್ದವರೂ ಗೇನ್ 1ರ ಸ್ಥಿರತೆಗಾಗಿ ವೇಗಕ್ಕೆ ಹಾಕಿದ ಕಡಿವಾಣವನ್ನು ಒಪ್ಪಿಕೊಳ್ಳಬೇಕಾಯಿತು.

ಆ ಕಡಿವಾಣದ ಬೆಲೆ ತಿಳಿಯಲು ಪ್ರಿಸಿಷನ್ ಮೊನೊಲಿಥಿಕ್ಸ್‌ನ ಜೋಡಿ ಚಿಪ್‌ಗಳನ್ನು ನೋಡಬೇಕು. ಗೇನ್ 1ರಲ್ಲೂ ಸ್ಥಿರವಾದ ಓಪಿ-27ರ ಸ್ಲ್ಯೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಮೈಕ್ರೊಸೆಕೆಂಡಿಗೆ 2.8 ವೋಲ್ಟ್; ಕನಿಷ್ಠ ಗೇನ್ 5 ಕೇಳುವ ಓಪಿ-37ರದು 17 ವೋಲ್ಟ್.

ಸ್ಥಿರತೆಯ ಲೆಕ್ಕಕ್ಕೆ ಬರುವುದು ನಾಯ್ಸ್ ಗೇನ್, ಅಂದರೆ ಪ್ಲಸ್ ಇನ್‌ಪುಟ್‌ನಿಂದ ಅಳೆದ ಗೇನ್. ಎರಡೂ ರೆಸಿಸ್ಟರ್ 1 ಕಿಲೊಓಮ್ ಇರುವ ಇನ್ವರ್ಟಿಂಗ್ ಸರ್ಕ್ಯೂಟಿನಲ್ಲಿ ಸಿಗ್ನಲ್ ಒಂದು ಪಟ್ಟೇ ಉಳಿದರೂ ನಾಯ್ಸ್ ಗೇನ್ 2. ಓಪಿ-37ಕ್ಕೆ ಅದು ಸಾಲದು. ಎರಡು ಇನ್‌ಪುಟ್‌ಗಳ ನಡುವೆ 330 ಓಮ್ ರೆಸಿಸ್ಟರನ್ನೂ 1 ನ್ಯಾನೊಫ್ಯಾರಡ್ ಕೆಪಾಸಿಟರನ್ನೂ ಸರಣಿಯಲ್ಲಿ ಜೋಡಿಸಿದರೆ, ಮೇಲಿನ ಆವರ್ತನಗಳಲ್ಲಿ ನಾಯ್ಸ್ ಗೇನ್ 5 ದಾಟುತ್ತದೆ. ಏರಿಕೆ ಸುಮಾರು 190 ಕಿಲೊಹರ್ಟ್ಸ್‌ನಲ್ಲಿ ಶುರುವಾಗಿ 480ರ ಆಸುಪಾಸಿನಲ್ಲಿ ಮುಗಿಯುತ್ತದೆ. ಲೂಪ್ ಗೇನ್ 1ಕ್ಕಿಳಿಯುವ ಜಾಗ ಇನ್ನೂ ಹಲವು ಮೆಗಾಹರ್ಟ್ಸ್ ಆಚೆಗಿರುವುದರಿಂದ ಫೇಸ್ ಮಾರ್ಜಿನ್, ಅಂದರೆ ಆಂದೋಲನಕ್ಕೆ ಇರುವ ಸುರಕ್ಷಿತ ಅಂತರ, ಕೆಡುವುದಿಲ್ಲ. ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ, ಹಾಗಾಗಿ ಆಫ್‌ಸೆಟ್ ಹೆಚ್ಚುವುದಿಲ್ಲ. ಸ್ಲ್ಯೂ ರೇಟ್ ಪೂರ್ತಿ ಉಳಿಯುತ್ತದೆ; ಈ ವಿಧಾನದ ದೊಡ್ಡ ಲಾಭ ಇದೇ. ನಷ್ಟವೆಂದರೆ ಮೇಲಿನ ಆವರ್ತನಗಳಲ್ಲಿ ಆಪ್-ಆಂಪ್‌ನ ನಾಯ್ಸ್ ಎರಡರ ಬದಲು ಐದು ಪಟ್ಟು ವರ್ಧಿಸುವುದು.

ಎನ್‌ಇ5534 ಎಂಬ ಡಿಕಂಪೆನ್ಸೇಟೆಡ್ ಚಿಪ್‌ನಲ್ಲಿ ಇನ್ನೊಂದು ದಾರಿಯಿದೆ: 5 ಮತ್ತು 8ನೇ ಪಿನ್‌ಗಳ ನಡುವೆ 22 ಪಿಕೋಫ್ಯಾರಡ್ ಕೆಪಾಸಿಟರ್. ಇದು ಸರಳ, ಆದರೆ ಸ್ಲ್ಯೂ ರೇಟ್ 13ರಿಂದ ಸುಮಾರು 6 ವೋಲ್ಟಿಗೆ ಇಳಿಯುತ್ತದೆ.

ಫೀಡ್‌ಬ್ಯಾಕ್ ರೆಸಿಸ್ಟರಿಗೆ ಅಡ್ಡಲಾಗಿ ಕೆಪಾಸಿಟರ್ ಹಾಕುವ ರೂಢಿ ಇಲ್ಲಿ ಅಪಾಯಕಾರಿ, ಏಕೆಂದರೆ ಅದು ನಾಯ್ಸ್ ಗೇನನ್ನು 1ರತ್ತ ಎಳೆಯುತ್ತದೆ. ಫೋಟೊಡಯೋಡ್ ಸರ್ಕ್ಯೂಟುಗಳು ಇದಕ್ಕೆ ಹೊರತು: ಇನ್‌ಪುಟ್ ಕೆಪಾಸಿಟೆನ್ಸನ್ನು ಫೀಡ್‌ಬ್ಯಾಕ್ ಕೆಪಾಸಿಟೆನ್ಸಿನಿಂದ ಭಾಗಿಸಿ 1 ಕೂಡಿಸಿದಾಗ ಬರುವ ಸಂಖ್ಯೆ ಕನಿಷ್ಠ ಗೇನನ್ನು ಮೀರಿದರೆ, ಕನಿಷ್ಠ ಗೇನ್ 7 ಇರುವ ಓಪಿಎ657ನಂಥ ಚಿಪ್‌ಗಳನ್ನೂ ನೇರವಾಗಿ ಬಳಸಬಹುದು.