ಹೂವಿಗೊಂದು ತಾರೀಖು

2022ರ ಸೆಪ್ಟೆಂಬರ್, ನವರಾತ್ರಿಗೆ ಮುಂಚಿನ ಶನಿವಾರ. ಬೆಳಗಿನ ಜಾವ ಮೂರು ಗಂಟೆಗೆ ಗಾಂಧಿ ಬಜಾರಿನಲ್ಲಿ ಗೆಳೆಯನ ಕಾರು ಹತ್ತಿದೆ. ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಕುರಿಂಜಿ ಅರಳಿದೆ ಅಂತ ವಾರದಿಂದ ಎಲ್ಲರ ಸ್ಟೇಟಸ್ಸಿನಲ್ಲೂ ನೀಲಿಯೋ ನೀಲಿ. ಹೋಗಿ ಬರೋದು ಸೇರಿ ಐನೂರು ಕಿಲೋಮೀಟರ್, ಒಂದೇ ದಿನದಲ್ಲಿ. ಇವನ ಅಜ್ಜಿ ಇದೇ ಬಜಾರಿನಲ್ಲಿ ಹೂ ಕಟ್ಟಿ ಮೊಳ ಹಾಕಿ ಮಾರುತ್ತಿದ್ದವರು. ಮೊಮ್ಮಗ ಈಗ ಸಾಫ್ಟ್‌ವೇರು. ಮುಂದಿನ ತಿಂಗಳು ಕೆನಡಾಕ್ಕೆ ಹೊರಟಿದ್ದ.

ಕಾರು ಡಿವಿಜಿ ರಸ್ತೆಗೆ ತಿರುಗಿತು. ಮೊದಲು ಇದು ನಾಗಸಂದ್ರ ರಸ್ತೆ. ದೋಸೆಗೋ ಸೀರೆಗೋ ಇಲ್ಲಿಗೆ ಬರುವ ನಾವು ಬೋರ್ಡಿನ ಮೇಲಿರುವ ಮನುಷ್ಯನನ್ನು ‘ಮಂಕುತಿಮ್ಮನ ಕಗ್ಗ’ ಬರೆದವರು ಅಂತಷ್ಟೇ ನೆನೆಯುತ್ತೇವೆ. ಅವರ ‘ವನಸುಮ’ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಲೆಕ್ಕವಿಲ್ಲ. ಯಾರ ಕಣ್ಣಿಗೂ ಬೀಳದೆ, ಹೊಗಳಿಕೆ ಕೇಳದೆ, ತನ್ನ ಪಾಡಿಗೆ ಅರಳಿ ಕಂಪು ಕೊಡುವ ಕಾಡುಹೂವಿನ ಹಾಗೆ ಬಾಳಬೇಕು ಅನ್ನೋದು ಅದರ ಆಸೆ. ಆ ಹೂವು ಯಾವುದು, ಯಾವ ಕಾಡಿನದು, ಪದ್ಯದಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ.

ಅದನ್ನು ಕೇಳಿದ್ದು ಅವರ ಮಗ.

ಬಿ.ಜಿ.ಎಲ್. ಸ್ವಾಮಿ (1918–1980) ಸೆಂಟ್ರಲ್ ಕಾಲೇಜಿನಲ್ಲಿ ಓದಿ ಸಸ್ಯಶಾಸ್ತ್ರಜ್ಞರಾದರು. ಆರ್ಕಿಡ್‌ಗಳ ಭ್ರೂಣ ಹೇಗೆ ಬೆಳೆಯುತ್ತೆ ಅನ್ನೋದರ ಮೇಲೆ ಕೆಲಸ ಮಾಡಿದರು. ಹಾರ್ವರ್ಡಿಗೆ ಹೋಗಿ ಇರ್ವಿಂಗ್ ಬೈಲಿ ಅವರ ಜತೆ ಸಂಶೋಧನೆ ನಡೆಸಿದರು. ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರೂ ಆದರು. ಒಂದು ಗಿಡಕ್ಕೆ ಗುರುವಿನ ನೆನಪಿಗೆ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ’ ಅಂತ ಹೆಸರಿಟ್ಟರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದಲ್ಲಿ ಗಿಡ ಹುಡುಕುತ್ತಾ ಅಲೆದ ಕಥೆಯನ್ನು, ತಾವೇ ಬಿಡಿಸಿದ ಚಿತ್ರಗಳ ಸಮೇತ, ‘ಹಸುರು ಹೊನ್ನು’ ಪುಸ್ತಕ ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೂವು, ಎಲೆ, ಕೇಸರಗಳ ಪುಸ್ತಕವನ್ನು ಜನ ಬಿದ್ದು ಬಿದ್ದು ನಗುತ್ತಾ ಓದಿದರು!

ಒಂದೇ ಮನೆಯ ಇಬ್ಬರು. ಅಪ್ಪನ ಕಾಡುಹೂವಿಗೆ ಹೆಸರಿಲ್ಲ, ಅದೇ ಅದರ ದೊಡ್ಡತನ. ಮಗನಿಗೆ ಹೆಸರಿಲ್ಲದೆ ಮಾತೇ ಶುರುವಾಗೋದಿಲ್ಲ.

ಸರ್ಪದಾರಿಯಲ್ಲಿ ಕಾರು ಬಿಟ್ಟು ಮುಳ್ಳಯ್ಯನಗಿರಿ ಹತ್ತೋಕೆ ಶುರು ಮಾಡಿದೆವು. 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ಮಂಜು, ಜಾರುವ ಮಣ್ಣು, ಬಂಡೆ ಸಂದಿಯಲ್ಲಿ ಕರ್ಣಕುಂಡಲದ ಪುಟ್ಟ ಗುಲಾಬಿ ಹೂಗಳು. ಒಂದು ತಿರುವಿನಲ್ಲಿ ಗಾಳಿ ಮಂಜನ್ನು ಎತ್ತಿಕೊಂಡು ಹೋಯಿತು ನೋಡಿ, ಎದುರಿನ ಇಳಿಜಾರು ಪೂರ್ತಿ ನೇರಳೆ ಮಿಶ್ರಿತ ನೀಲಿ. ಇಬ್ಬರಿಗೂ ಐದು ನಿಮಿಷ ಮಾತಿಲ್ಲ.

ಆಮೇಲೆ ನನ್ನ ತಲೆಗೆ ಒಂದು ಭಾರೀ ಐಡಿಯಾ ಬಂತು. ಒಂದು ಗೊಂಚಲು ತಗೊಂಡು ಹೋಗಿ ಬ್ಯೂಗಲ್ ರಾಕ್ ಪಾರ್ಕಿನ ಡಿವಿಜಿ ಪ್ರತಿಮೆಯ ಮುಂದೆ ಇಡೋಣ! ವನಸುಮದ ಕವಿಗೆ ವನಸುಮ. ಫೋಟೋ ತೆಗೆದು ಹಾಕಿದರೆ ಲೈಕೇ ಲೈಕು. ಕೈ ಹಾಕಿ ಒಂದು ರೆಂಬೆ ಮುರಿದೇಬಿಟ್ಟೆ.

“ಲೋ, ಯಾಕೋ ಕಿತ್ತೆ?” ಅಂದ ಗೆಳೆಯ. ದನಿಯಲ್ಲಿ ತಮಾಷೆ ಇರಲಿಲ್ಲ. “ಮಲ್ಲಿಗೆ ಕಿತ್ತರೆ ನಾಳೆ ಮತ್ತೆ ಮೊಗ್ಗು ಬಿಡುತ್ತೆ, ಅದಕ್ಕೇ ನಮ್ಮಜ್ಜಿ ಜೀವನ ನಡೀತು. ಇದು ಹಾಗಲ್ಲ ಮಗಾ. ಒಂದೇ ಸಲ ಹೂ ಬಿಡೋದು, ಬೀಜ ಉದುರಿಸೋದು, ಸಾಯೋದು. ನೀನು ಕಿತ್ತಿದ್ದು ಹೂವಲ್ಲ, ಮುಂದಿನ ಸಲದ ಗಿಡ.”

ಮುಖಕ್ಕೆ ಹೊಡೆದ ಹಾಗಾಯಿತು. ಸೋಲಬಾರದಲ್ಲ, “ಸ್ವಾಮಿಯವರೂ ಕೀಳ್ತಿದ್ರು ಕಣೋ” ಅಂದೆ. ಹೇಳಿದ ಮೇಲೆ ನನಗೇ ವ್ಯತ್ಯಾಸ ಹೊಳೆಯಿತು.

ಸಸ್ಯಶಾಸ್ತ್ರಜ್ಞರು ಗಿಡ ಕೀಳುತ್ತಾರೆ, ನಿಜ. ಆದರೆ ಹಳೇ ಪೇಪರಿನ ನಡುವೆ ಒತ್ತಿ, ಒಣಗಿಸಿ, ರಟ್ಟಿಗೆ ಅಂಟಿಸಿ, ಕೆಳಗೆ ಬರೆಯುತ್ತಾರೆ: ಯಾವ ಗಿಡ, ಯಾವ ಊರು, ಯಾವ ತಾರೀಖು, ಕಿತ್ತವರು ಯಾರು. ಇದಕ್ಕೆ ಹರ್ಬೇರಿಯಂ ಹಾಳೆ ಅಂತಾರೆ. ಇತಿಹಾಸದವರಿಗೆ ಶಾಸನ ಹೇಗೋ ಇದು ಹಾಗೆ. ಕಾಡು ಹೋಗಿ ತೋಟವಾಗಲಿ, ತೋಟ ಹೋಗಿ ರೆಸಾರ್ಟ್ ಆಗಲಿ, ‘ಇಲ್ಲಿ ಈ ದಿನ ಈ ಹೂವಿತ್ತು’ ಅಂತ ಆ ಹಾಳೆ ಸಾಕ್ಷಿ ಹೇಳುತ್ತೆ. ಪಕ್ಕದ ಜಿಲ್ಲೆಯಲ್ಲಿ ನಮ್ಮೂರಿನವರೇ ಅಂಥ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ, ಡ್ಯಾನ್ ನಿಕಲ್ಸನ್ ಜತೆ ಸೇರಿ 1976ರಲ್ಲಿ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ತಂದರು.

ಕುರಿಂಜಿಯ ಹನ್ನೆರಡು ವರ್ಷದ ಲೆಕ್ಕ ಸಿಕ್ಕಿದ್ದೂ ಯಾರೋ ಬರೆದಿಟ್ಟಿದ್ದರಿಂದಲೇ. ತಮಿಳುನಾಡು, ಕೇರಳದ ಬೆಟ್ಟಗಳ ನೀಲಕುರಿಂಜಿಯ ದಾಖಲೆ 1838ರಿಂದ ಇದೆ. ಅಲ್ಲಿಂದ 1850, 1862, ಹೀಗೆ ಹನ್ನೆರಡು ಹನ್ನೆರಡು ಕೂಡುತ್ತಾ ಬಂದರೆ 2006, 2018. ಬರೆದವರಲ್ಲಿ ಯಾರೊಬ್ಬರೂ ಇಡೀ ಸರಣಿ ನೋಡಿಲ್ಲ. ಒಂದು ಆಯುಷ್ಯಕ್ಕೆ ಐದಾರು ಹೂಬಿಡುವಿಕೆ ಸಿಕ್ಕರೆ ಹೆಚ್ಚು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಬರೆದರು, ಅಷ್ಟೆ.

ನಮ್ಮ ಕಡೆ ಲೆಕ್ಕ ಇನ್ನೂ ತೊಡಕು. ಕುರಿಂಜಿ ಕುಲದಲ್ಲಿ ಹಲವು ಜಾತಿ, ಒಂದೊಂದರ ಗಡಿಯಾರ ಬೇರೆ. ಕೊಡಗಿನ ಮಾಂದಲಪಟ್ಟಿ 2021ರಲ್ಲಿ ನೀಲಿಯಾಯಿತು, ಚಂದ್ರದ್ರೋಣ 2022ರಲ್ಲಿ. ‘ನೀಲಿ ಹೂ, ಸೂಪರ್ ವ್ಯೂ’ ಅಂತ ಹಾಕಿದ ಸಾವಿರ ಫೋಟೋಗಳಿಂದ ಈ ತೊಡಕು ಬಿಡಿಸೋಕೆ ಆಗಲ್ಲ. ಊರು, ತಾರೀಖು ಇದ್ದರೆ ಆಗುತ್ತೆ.

ಮುರಿದ ರೆಂಬೆಯನ್ನು ಗಿಡದ ಬುಡದಲ್ಲೇ ಇಟ್ಟೆ. ಅದರಿಂದ ಏನೂ ಸರಿಹೋಗಲಿಲ್ಲ ಅಂತ ಗೊತ್ತಿತ್ತು. ಗೆಳೆಯ ಬ್ಯಾಗಿನಿಂದ ಪೆನ್ನು ತೆಗೆದ. ಪೇಪರಿಗೆ ಅಂತ ಸಿಕ್ಕಿದ್ದು ಪೆಟ್ರೋಲ್ ಬಂಕಿನ ಬಿಲ್ಲು. ಅದರ ಹಿಂದೆ ಬರೆದೆವು: ಕುರಿಂಜಿ, ಸರ್ಪದಾರಿಯಿಂದ ಮುಳ್ಳಯ್ಯನಗಿರಿಯ ಹಾದಿ, ಎಡಗಡೆ ಇಳಿಜಾರು, 24 ಸೆಪ್ಟೆಂಬರ್ 2022, ಬೆಳಿಗ್ಗೆ 9.40. ಕೆಳಗೆ ಇಬ್ಬರ ಸಹಿ.

“ಹನ್ನೆರಡು ಅಂತಾದರೆ 2034” ಅಂದ ಅವನು. “ಬರ್ತೀಯಾ?” ಅಂದೆ. “ಟಿಕೆಟ್ ನೀನು ಹಾಕಿಸಿದ್ರೆ” ಅಂದ.

ಅವನು ಈಗ ಟೊರಾಂಟೋದಲ್ಲಿದ್ದಾನೆ. ಬಿಲ್ಲಿನ ಅಕ್ಷರ ಮಾಸುತ್ತಿದ್ದ ಕಾರಣ ಅದನ್ನು ನೋಟ್‌ಬುಕ್ಕಿಗೆ ಇಳಿಸಿದ್ದೇನೆ. ನೀವೂ ಆ ವರ್ಷ ಬೆಟ್ಟಕ್ಕೆ ಹೋಗಿದ್ದರೆ ಫೋನಿನಲ್ಲಿ ಹುಡುಕಿ. ಫೋಟೋ ಇದ್ದೇ ಇರುತ್ತೆ. ಅದರ ಜತೆ ಊರು, ತಾರೀಖು ಬರೆದಿಡಿ. 2034ರಲ್ಲಿ ಯಾರಿಗಾದರೂ ಬೇಕಾಗುತ್ತೆ.