ಅಂಕಿತವೂ ಆಕರವೂ

ತಾಳೆಯೋಲೆಗಳಲ್ಲಿ ಅಡಗಿದ್ದ ವಚನಗಳನ್ನು ಅರಸುತ್ತ ಫ. ಗು. ಹಳಕಟ್ಟಿಯವರು ಮನೆಮನೆಗಳಿಗೆ ಅಲೆದರು. ಆ ಶ್ರಮದ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ‘ವಚನ ಸಂಚಯ’ವೆಂಬ ಜಾಲತಾಣದ ಮೂಲಕ ಇಂದು 20,000ಕ್ಕೂ ಮಿಕ್ಕ ವಚನಗಳು ಕಾವೇರೀತೀರದ ಕೊಣನೂರಿನ ವಿದ್ಯಾರ್ಥಿಯ ಅಂಗೈಗೇ ಬಂದಿವೆ. ಒಂದು ಪದವನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲ ಕ್ಷಣಮಾತ್ರದಲ್ಲಿ ಕಣ್ಣೆದುರು ನಿಲ್ಲುತ್ತವೆ.

ಆದರೆ ಸುಲಭವಾಗಿ ದೊರೆತುದೆಲ್ಲ ಶುದ್ಧವೆನ್ನಲಾಗದು. ವಾಟ್ಸಾಪಿನಲ್ಲಿ ಹರಿದಾಡುವ ಎಷ್ಟೋ ಸಾಲುಗಳಿಗೆ ಆಕರವೇ ಇಲ್ಲ. ಕೊನೆಯಲ್ಲಿ ‘ಕೂಡಲಸಂಗಮದೇವ’ ಎಂದು ಸೇರಿಸಿದ ಮಾತ್ರಕ್ಕೆ ಯಾವ ನುಡಿಯೂ ಬಸವಣ್ಣನವರದಾಗದು. ಓಲೆಯ ಕಾಲದಲ್ಲಿಯೂ ಲಿಪಿಕಾರರ ಕೈತಪ್ಪುಗಳಿದ್ದವು, ಪ್ರಕ್ಷೇಪಗಳಿದ್ದವು. ಅವು ಪ್ರತಿಯಿಂದ ಪ್ರತಿಗೆ ನಿಧಾನವಾಗಿ ಸಾಗುತ್ತಿದ್ದವು. ಪ್ರತಿಗಳನ್ನು ಹೋಲಿಸಿ ವಿದ್ವಾಂಸರು ತಿದ್ದಬಹುದಾಗಿತ್ತು. ಇಂದಿನ ತಪ್ಪಾದರೋ ಒಂದೇ ದಿನದಲ್ಲಿ ಸಾವಿರ ಮನೆಗಳ ನೆನಪಾಗಿ ನೆಲೆಗೊಳ್ಳುತ್ತದೆ. ಅದರ ಮೂಲವನ್ನು ಹುಡುಕುವುದೂ ದುಸ್ತರ.

ವಚನವೊಂದನ್ನು ಮತ್ತೊಬ್ಬರಿಗೆ ಕಳುಹಿಸುವ ಮುನ್ನ ಅದರ ಅಂಕಿತವನ್ನೂ ಸಂಪುಟವನ್ನೂ ನೋಡಿಕೊಳ್ಳುವುದು ಪಂಡಿತರಿಗೆ ಮಾತ್ರ ಮೀಸಲಾದ ಕೆಲಸವಲ್ಲ. ಅದು ಶರಣರ ಮಾತಿಗೆ ಪ್ರತಿಯೊಬ್ಬ ಭಕ್ತನೂ ಸಲ್ಲಿಸಬೇಕಾದ ಗೌರವ.