ಕರೆಂಟ್ ಬಂದ ಮೇಲೆ ಮೊದಲು ಏಳುವವರು ಯಾರು?

2012ರ ಜುಲೈ 30, ನಸುಕಿನ 2 ಗಂಟೆ 33 ನಿಮಿಷ. ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ ಕಡಿತಗೊಂಡ ಬೆನ್ನಿಗೇ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ದೆಹಲಿಯೊಂದಿಗೆ ಪಕ್ಕದ ಘಾಜಿಯಾಬಾದೂ ಕತ್ತಲಾಯಿತು. ಮರುದಿನ ಮಧ್ಯಾಹ್ನ ಮತ್ತೆ ಅದೇ ಕಥೆ. ಈ ಸಲ ಪೂರ್ವ ಮತ್ತು ಈಶಾನ್ಯ ಜಾಲಗಳೂ ಬಿದ್ದು, 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ ಕರೆಂಟಿಲ್ಲ.

ಬಿದ್ದ ಜಾಲವನ್ನು ಒಂದೇ ಗುಂಡಿ ಒತ್ತಿ ಎಬ್ಬಿಸಲಾಗದು. ಕಲ್ಲಿದ್ದಲಿನ ಸ್ಥಾವರ ಶುರುವಾಗಲು ಅದರ ಪಂಪು, ಫ್ಯಾನುಗಳಿಗೇ ಮೊದಲು ವಿದ್ಯುತ್ ಬೇಕು. ಹಾಗಾಗಿ ಹೊರಗಿನ ಆಸರೆಯಿಲ್ಲದೆ ಏಳಬಲ್ಲ ಜಲವಿದ್ಯುತ್ ಘಟಕದಂಥವು ಮೊದಲು, ಉಳಿದವು ಆಮೇಲೆ.

ಕಚೇರಿಯ ಮೂಲೆಯ ಲಿನಕ್ಸ್ ಸರ್ವರಿನೊಳಗೂ ಇದೇ ಸರದಿ. ಯುಪಿಎಸ್ ಬರಿದಾಗಿ ಆರಿದ ಯಂತ್ರ ಕರೆಂಟ್ ಬಂದಾಗ ತಾನಾಗಿ ಹೊತ್ತಿಕೊಳ್ಳಬಹುದು. ಆದರೆ ಬಿಲ್ಲು, ದಾಸ್ತಾನು, ಸಂಬಳದ ಲೆಕ್ಕವೆಲ್ಲ ಇರುವ ಡೇಟಾಬೇಸ್ ಏಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಹಳೆಯ ಉತ್ತರ 1983ರ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದದ್ದು. ಪ್ರತಿ ಸೇವೆಗೂ ಒಂದು ಸ್ಕ್ರಿಪ್ಟ್. ಅದನ್ನು ತೋರಿಸುವ ಕೊಂಡಿಯ ಹೆಸರಿನಲ್ಲಿ ‘ಎಸ್’ ಅಕ್ಷರ, ಪಕ್ಕದಲ್ಲೊಂದು ಸಂಖ್ಯೆ. ಸಣ್ಣ ಸಂಖ್ಯೆಯದು ಮೊದಲು, ದೊಡ್ಡದು ನಂತರ. ನೆಟ್‌ವರ್ಕಿಗೆ 10 ಎಂದಿದ್ದರೆ ಡೇಟಾಬೇಸಿಗೆ 64. ಮದುವೆ ಊಟದ ಪಂಕ್ತಿಯಷ್ಟು ಸರಳ, ಅಷ್ಟೇ ನಿಧಾನ. ರೆಡ್ ಹ್ಯಾಟ್ ಬಳಗದಲ್ಲಿ ಈ ಕೊಂಡಿಗಳನ್ನು ‘ಚೆಕ್‌ಕಾನ್ಫಿಗ್’ ಹಾಕಿಕೊಡುತ್ತಿತ್ತು, ಡೆಬಿಯನ್‌ನಲ್ಲಿ ‘ಅಪ್‌ಡೇಟ್-ಆರ್‌ಸಿ.ಡಿ’.

ಎಡವಟ್ಟಾಗುತ್ತಿದ್ದದ್ದು ಇಲ್ಲೇ. ಡೇಟಾಬೇಸನ್ನು ಹಾಕಿದವರು ‘ಸ್ಟಾರ್ಟ್’ ಎನ್ನುತ್ತಾರೆ, ಅದು ಓಡುತ್ತದೆ, ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಾರೆ. ‘ಸ್ಟಾರ್ಟ್’ ಇವತ್ತಿನ ಮಾತು. ಮುಂದಿನ ಬೂಟಿಗೆ ಬೇಕಾದದ್ದು ಆ ಕೊಂಡಿ. ಅದಿಲ್ಲವೆಂಬುದು ಯಂತ್ರ ಆರುವ ತನಕ, ಕೆಲವೊಮ್ಮೆ ವರ್ಷಗಟ್ಟಲೆ, ಯಾರ ಗಮನಕ್ಕೂ ಬರುವುದಿಲ್ಲ.

2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೊಟೆರಿಂಗ್ ‘ಸಿಸ್ಟಮ್‌ಡಿ’ಯನ್ನು ಪ್ರಕಟಿಸಿದರು. ಸಂಖ್ಯೆಗಳ ಸಾಲು ಹೋಗಿ, ಯಾವುದಕ್ಕೆ ಯಾವುದರ ಆಸರೆ ಬೇಕೆಂದು ಬರೆದಿಡುವ ಕ್ರಮ ಬಂತು; ಆಸರೆ ಬೇಡದವು ಒಟ್ಟಿಗೇ ಏಳಬಹುದು. 2011ರಲ್ಲಿ ಫೆಡೋರಾ, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ 7, 2015ರಲ್ಲಿ ಡೆಬಿಯನ್ ಅದನ್ನೇ ಹಿಡಿದವು. ಒಂದೇ ಪ್ರೋಗ್ರಾಮಿನ ಕೈಗೆ ಇಷ್ಟೆಲ್ಲ ಕೊಡುವುದೇ ಎಂದು ಡೆಬಿಯನ್ ಬಳಗದಲ್ಲಿ ಜಗಳವೂ ಆಯಿತು. ಆದರೂ ‘ಸ್ಟಾರ್ಟ್’ ಮತ್ತು ‘ಎನೇಬಲ್’ ಬೇರೆಬೇರೆಯಾಗಿಯೇ ಉಳಿದವು. ‘ಎನೇಬಲ್’ ಮಾಡುವುದು ಇವತ್ತಿಗೂ ಒಂದು ಕೊಂಡಿ ಹಾಕುವ ಕೆಲಸವನ್ನೇ.

ವೇಗದ ಜೊತೆ ಹೊಸ ತೊಡಕೂ ಬಂತು. ಕರೆಂಟ್ ಹಠಾತ್ತನೆ ಹೋಗಿದ್ದರೆ ಡೇಟಾಬೇಸ್ ಎದ್ದ ಕೂಡಲೇ ತನ್ನ ಲಾಗ್ ಓದುತ್ತದೆ. ಕಡತಗಳಿಗೆ ಇನ್ನೂ ಸೇರದ ಬದಲಾವಣೆಗಳನ್ನು ಸೇರಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ದೊಡ್ಡ ಡೇಟಾಬೇಸಿಗೆ ಇದು ಹಲವು ನಿಮಿಷಗಳ ಕೆಲಸ. ಸಿಸ್ಟಮ್‌ಡಿ ಮಾಮೂಲಾಗಿ ಕಾಯುವುದು 90 ಸೆಕೆಂಡು. ಅಷ್ಟರೊಳಗೆ ‘ಸಿದ್ಧ’ ಎಂಬ ಸುದ್ದಿ ಬರದಿದ್ದರೆ, ಚೇತರಿಸಿಕೊಳ್ಳುತ್ತಿರುವುದನ್ನೇ ನಿಲ್ಲಿಸಿಬಿಡುತ್ತದೆ. ತುರ್ತು ಚಿಕಿತ್ಸೆಯಲ್ಲಿರುವ ರೋಗಿಯನ್ನು ಹೊತ್ತಾಯಿತೆಂದು ಮಂಚದಿಂದ ಇಳಿಸಿದ ಹಾಗೆ. 2016ರ ಪೋಸ್ಟ್‌ಗ್ರೆಸ್ 9.6 ತಾನು ಸಿದ್ಧವಾದ ಸುದ್ದಿಯನ್ನು ಸಿಸ್ಟಮ್‌ಡಿಗೆ ಮುಟ್ಟಿಸಲು ಕಲಿಯಿತು. ಕಾಯುವ ಅವಧಿಯ ಜಾಗದಲ್ಲಿ ‘ಇನ್ಫಿನಿಟಿ’, ಅಂದರೆ ಎಷ್ಟು ಹೊತ್ತಾದರೂ ಸರಿ, ಎಂದು ಬರೆಯಿರಿ ಎನ್ನುತ್ತದೆ ಅದರ ಕೈಪಿಡಿ.